ಕೈಗಳ ಶುಚಿತ್ವ ಮತ್ತು ಕುಟುಂಬದ ಆರೋಗ್ಯ

“ಕೈ ಕೆಸರಾದರೆ ಬಾಯಿ ಮೊಸರು” ಎಂಬುದು ನಮ್ಮ ಹಿರಿಯರ ಮಾತು. ದುಡಿದವನಿಗೇ ಉಣ್ಣುವ ಭಾಗ್ಯ ಎಂಬುದು ಇದರ ಅರ್ಥ. ಸೇಡಂ, ಚಿತ್ತಾಪುರ, ಚಿಂಚೋಳಿಗಳ ಹೊಲಗಳಲ್ಲಿ ತೊಗರಿ, ಜೋಳ ಬೆಳೆಯುವ ರೈತ ದಂಪತಿಗಳಿಗೆ, ಶಹಾಬಾದಿನ ಗಣಿಗಳಲ್ಲಿ ಹಾಸುಗಲ್ಲು ಸೀಳುವ ಕಾರ್ಮಿಕರಿಗೆ, ವಾಡಿಯ ಸಿಮೆಂಟು ಕೆಲಸಕ್ಕೆ ಹೋಗುವವರಿಗೆ ಈ ಮಾತನ್ನು ಯಾರೂ ಕಲಿಸಬೇಕಾಗಿಲ್ಲ. ಅವರ ಕೈಗಳೇ ಅದಕ್ಕೆ ಸಾಕ್ಷಿ. ಆದರೆ ಗಾದೆಯು ಹೇಳದೆ ಬಿಟ್ಟ ಒಂದು ಮಾತಿದೆ. ಕೆಸರಿನ ಕೈ ಮೊಸರನ್ನು ಮುಟ್ಟುವ ಮುನ್ನ, ನಡುವೆ ಒಂದು ಕೆಲಸ ಆಗಲೇಬೇಕು. ಅದೇ ಕೈ ತೊಳೆಯುವ ಕೆಲಸ.

“ಕೈ ತೊಳೆಯುವುದು ಯಾರಿಗೆ ತಿಳಿಯದು? ಅದಕ್ಕೂ ಒಂದು ಪಾಠವೇ?” ಎಂದು ನೀವು ಕೇಳಬಹುದು. ಕೇಳುವುದು ಸಹಜ. ಕೈ ತೊಳೆಯಬೇಕೆಂಬುದು ಎಲ್ಲರಿಗೂ ತಿಳಿದಿದೆ. ಹಾಗಿದ್ದರೂ ಕೊಳೆ ಕೈಯಿಂದ ಹರಡುವ ರೋಗಗಳು ನಮ್ಮ ಮನೆಗಳನ್ನು ಬಿಟ್ಟು ಹೋಗಿಲ್ಲ. ತಿಳಿವಳಿಕೆ ಇದ್ದೂ ರೋಗ ಉಳಿದಿರುವುದೇಕೆ ಎಂಬುದೇ ಈ ಪಾಠದ ವಿಷಯ.

ಕುಟುಂಬ ಕಲ್ಯಾಣಕ್ಕೂ ಇದಕ್ಕೂ ನಿಕಟವಾದ ಸಂಬಂಧವಿದೆ. ಹುಟ್ಟಿದ ಮಕ್ಕಳು ಬದುಕಿ ಬಾಳುತ್ತಾರೆಂಬ ಭರವಸೆ ಇದ್ದಾಗಲೇ ದಂಪತಿಗಳು ಚಿಕ್ಕ ಕುಟುಂಬದಲ್ಲಿ ನೆಮ್ಮದಿಯಿಂದ ಇರಬಲ್ಲರು. ಆ ಭರವಸೆಯನ್ನು ಬಲಪಡಿಸುವ ಸಾಧನಗಳಲ್ಲಿ ಅತ್ಯಂತ ಅಗ್ಗವಾದುದು ಒಂದು ತುಂಡು ಸಾಬೂನು.

1. ಒಂದು ಮನೆಯ ಮುಂಜಾವು

ಕಾಗಿಣಾ ನದಿಯಿಂದ ಹೆಚ್ಚು ದೂರವಿಲ್ಲದ ಒಂದು ಹಳ್ಳಿಯನ್ನು ಕಲ್ಪಿಸಿಕೊಳ್ಳಿ. ಅಲ್ಲಿ ಒಂದು ಮನೆ. ಗಂಡ, ಹೆಂಡತಿ, ಅತ್ತೆ, ಆರು ವರ್ಷದ ಮಗಳು, ಹತ್ತು ತಿಂಗಳ ಗಂಡುಕೂಸು. ಇದು ಕಲ್ಪಿತ ಮನೆಯಾದರೂ ಇಲ್ಲಿ ನಡೆಯುವುದೆಲ್ಲ ನಮ್ಮ ನಿಮ್ಮ ಮನೆಗಳಲ್ಲಿ ನಡೆಯುವುದೇ ಆಗಿದೆ.

ಬೆಳಗಿನ ಹೊತ್ತು. ಮನೆಯೊಡತಿ ಕೊಟ್ಟಿಗೆಯ ಸೆಗಣಿ ಬಳಿದು ತಿಪ್ಪೆಗೆ ಹಾಕುತ್ತಾಳೆ. ಒಂದು ಚರಿಗೆ ನೀರಿನಲ್ಲಿ ಕೈಯಾಡಿಸಿ ಒಲೆಯ ಮುಂದೆ ಕುಳಿತು ಜೋಳದ ಹಿಟ್ಟು ನಾದುತ್ತಾಳೆ. ಕಾದ ಹಂಚಿನ ಮೇಲೆ ಬೆಂದ ರೊಟ್ಟಿಯಲ್ಲಿ ರೋಗಾಣು ಉಳಿಯುವುದಿಲ್ಲ, ನಿಜ. ಆದರೆ ಬೆಂದ ರೊಟ್ಟಿಯನ್ನು ಎತ್ತಿಡುವುದೂ ಶೇಂಗಾ ಚಟ್ನಿಯನ್ನು ಬಡಿಸುವುದೂ ಅದೇ ಕೈ.

ಕೂಸು ಪಡಸಾಲೆಯ ಹಾಸುಗಲ್ಲಿನ ಮೇಲೆ ಮಲವಿಸರ್ಜನೆ ಮಾಡುತ್ತದೆ. ಅಜ್ಜಿ ಅದನ್ನು ಬಟ್ಟೆಯಿಂದ ಒರೆಸಿ, ಕೂಸನ್ನು ತೊಳೆದು, ಕೈ ಮೇಲೆ ಸ್ವಲ್ಪ ನೀರು ಹಾಕಿಕೊಂಡು ಸೆರಗಿಗೆ ಒರೆಸಿಕೊಳ್ಳುತ್ತಾಳೆ. “ಎಳೆಗೂಸಿನ ಮಲ, ಅದರಲ್ಲೇನು ದೋಷ?” ಎಂಬುದು ಅವಳ ನಂಬಿಕೆ. ಆ ಬಳಿಕ ಹಾಲಿನಲ್ಲಿ ರೊಟ್ಟಿ ಕಿವುಚಿ ಅದೇ ಬೆರಳುಗಳಿಂದ ಕೂಸಿಗೆ ಉಣಿಸುತ್ತಾಳೆ. ಬಯಲಿನಿಂದ ಹಿಂದಿರುಗಿದ ಮಗನು ಕೈಗೆ ಮಣ್ಣು ಹಚ್ಚಿ ತಿಕ್ಕಿ, ಕುಡಿಯುವ ನೀರಿನ ಕೊಡದಲ್ಲಿ ಲೋಟದೊಡನೆ ಬೆರಳನ್ನೂ ಅದ್ದುತ್ತಾನೆ. ಮಗಳು ಅಂಗಳದ ಆಟ ಬಿಟ್ಟು ಬಂದವಳು ನೇರವಾಗಿ ತಾಟಿನ ಮುಂದೆ ಕೂಡುತ್ತಾಳೆ.

ಇದಾದ ಮೂರನೆಯ ದಿನ ಕೂಸಿಗೆ ನೀರಿನಂತೆ ಭೇದಿಯಾಗತೊಡಗುತ್ತದೆ. “ಹಲ್ಲು ಬರುವ ಕಾಲ, ಹೀಗಾಗುವುದೇ” ಎಂದು ಅಜ್ಜಿ ಸಮಾಧಾನ ಹೇಳುತ್ತಾಳೆ. ಸಂಜೆಯ ಹೊತ್ತಿಗೆ ಕೂಸಿನ ಕಣ್ಣುಗಳು ಗುಳಿಬೀಳುತ್ತವೆ. ಅಳಲು ಸಹ ಶಕ್ತಿಯಿಲ್ಲ. ತಾಯಿ ತಡಮಾಡದೆ ಗಂಡನನ್ನು ಹೊರಡಿಸಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೊಂಡೊಯ್ದುದರಿಂದ ಕೂಸು ಉಳಿಯುತ್ತದೆ.

ಎರಡು ದಿನಗಳ ನಂತರ ಮನೆಗೆ ಬಂದ ಆಶಾ ಕಾರ್ಯಕರ್ತೆ ಒಂದೇ ಪ್ರಶ್ನೆ ಕೇಳುತ್ತಾಳೆ: “ಅಕ್ಕಾ, ನಿಮ್ಮ ಮನೆಯಲ್ಲಿ ಸಾಬೂನು ಎಲ್ಲಿದೆ?”

“ಇದೆಯಲ್ಲ, ಬಚ್ಚಲಿನ ಗೂಡಿನಲ್ಲಿ” ಎಂದು ಮನೆಯೊಡತಿ ತೋರಿಸುತ್ತಾಳೆ.

ಗೂಡು ಎತ್ತರದಲ್ಲಿದೆ, ಮಗಳ ಕೈಗೆ ಎಟುಕದು. ಶೌಚಾಲಯ ಹಿತ್ತಲಲ್ಲಿ, ಅಲ್ಲಿ ನೀರಿದೆ, ಸಾಬೂನಿಲ್ಲ. ಅಡಿಗೆಮನೆ ಇನ್ನೊಂದು ತುದಿಯಲ್ಲಿ. ಅಲ್ಲಿಯೂ ನೀರಿದೆ, ಸಾಬೂನಿಲ್ಲ. ಆ ಮನೆಯಲ್ಲಿ ಸಾಬೂನಿಗೆ ಕೊರತೆ ಇರಲಿಲ್ಲ. ಬೇಕಾದ ಹೊತ್ತಿನಲ್ಲಿ ಬೇಕಾದ ಜಾಗದಲ್ಲಿ ಅದು ಇರಲಿಲ್ಲ, ಅಷ್ಟೆ. ಈ ಪಾಠದ ಸಾರವೆಲ್ಲ ಆ ಒಂದು ಪ್ರಶ್ನೆಯಲ್ಲಿ ಅಡಗಿದೆ.

2. ಕಣ್ಣಿಗೆ ಕಾಣದ ಕೊಳೆ

ಮಣ್ಣು, ಎಣ್ಣೆ, ಸೆಗಣಿ ಇವು ಕಣ್ಣಿಗೆ ಕಾಣುವ ಕೊಳೆ. ರೋಗ ತರುವ ಸೂಕ್ಷ್ಮಜೀವಿಗಳು ಕಣ್ಣಿಗೆ ಕಾಣುವುದಿಲ್ಲ. ಸೂಕ್ಷ್ಮದರ್ಶಕ ಯಂತ್ರದಲ್ಲಿ ಮಾತ್ರ ಇವುಗಳನ್ನು ನೋಡಬಹುದು. ಕೆಲವನ್ನು ಸಾಮಾನ್ಯ ಸೂಕ್ಷ್ಮದರ್ಶಕದಿಂದಲೂ ನೋಡಲಾಗದು. ಆದುದರಿಂದ “ಕೈ ಶುಭ್ರವಾಗಿಯೇ ಕಾಣುತ್ತಿದೆ” ಎಂಬ ಮಾತಿಗೆ ಬೆಲೆಯಿಲ್ಲ.

ವಾಂತಿಭೇದಿ, ಆಮಶಂಕೆ, ವಿಷಮಶೀತಜ್ವರ, ಒಂದು ಬಗೆಯ ಕಾಮಾಲೆ, ಹೊಟ್ಟೆಯ ಜಂತುಹುಳು, ಇವೆಲ್ಲವುಗಳ ಮೂಲ ರೋಗಿಯ ಮಲ. ಅದರ ಸೋಂಕು ಮತ್ತೊಬ್ಬರ ಬಾಯಿಯನ್ನು ಸೇರಿದಾಗ ರೋಗ ಹರಡುತ್ತದೆ. ಸೇರುವ ದಾರಿಗಳು ಹಲವು: ಕುಡಿಯುವ ನೀರು, ನೊಣ, ಮಣ್ಣು, ಹಸಿ ತರಕಾರಿ ಮತ್ತು ಕೈ. ಕೈ ಕೊಡವನ್ನು ಮುಟ್ಟಿದರೆ ನೀರು ಕೆಡುತ್ತದೆ. ಊಟವನ್ನು ಮುಟ್ಟಿದರೆ ಊಟ ಕೆಡುತ್ತದೆ. ಕೂಸಿನ ತುಟಿಯನ್ನು ಮುಟ್ಟಿದರೆ ರೋಗ ನೇರವಾಗಿ ಒಳಹೊಗುತ್ತದೆ. ಕೆಲವು ಬಗೆಯ ನೆಗಡಿ, ಜ್ವರ ಮತ್ತು ಕಣ್ಣುಬೇನೆಗಳೂ ಕೈಯ ಮೂಲಕ ಒಬ್ಬರಿಂದ ಒಬ್ಬರಿಗೆ ದಾಟುತ್ತವೆ.

ಹಲ್ಲು ಬರುವುದರಿಂದ ಭೇದಿಯಾಗುತ್ತದೆ ಎಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ಇದು ತಪ್ಪು ತಿಳಿವಳಿಕೆ. ಆದರೆ ಈ ತಪ್ಪಿಗೆ ಒಂದು ಕಾರಣವಿದೆ. ಆರನೆಯ ತಿಂಗಳ ಆಚೆಗೆ ಕೂಸಿಗೆ ಮೇಲಿನ ಆಹಾರ ಪ್ರಾರಂಭವಾಗುತ್ತದೆ. ಅದೇ ಸುಮಾರಿಗೆ ಅದು ನೆಲದ ಮೇಲೆ ಅಂಬೆಗಾಲಿಡುತ್ತದೆ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತದೆ. ಹಲ್ಲು ಹುಟ್ಟುವುದೂ ಅದೇ ಕಾಲದಲ್ಲಿ. ರೋಗ ತಂದದ್ದು ಬಾಯಿಗೆ ಹೋದ ಕೊಳೆ. ಅಪವಾದ ಬಂದದ್ದು ಹಲ್ಲಿಗೆ.

ಎಳೆಗೂಸಿನ ಮಲದಲ್ಲಿ ದೋಷವಿಲ್ಲ ಎಂಬುದೂ ಅಂಥದೇ ತಪ್ಪು. ಮಕ್ಕಳಿಗೆ ಹೊಟ್ಟೆಯ ಸೋಂಕು ತಗಲುವುದು ಹೆಚ್ಚಾದ ಕಾರಣ, ಅವರ ಮಲವನ್ನೂ ದೊಡ್ಡವರ ಮಲದಷ್ಟೇ ಎಚ್ಚರಿಕೆಯಿಂದ ಶೌಚಾಲಯಕ್ಕೆ ಹಾಕಿ ಕೈ ತೊಳೆಯಬೇಕು.

3. ಒಬ್ಬ ವೈದ್ಯನು ಕಂಡುಕೊಂಡ ಸತ್ಯ

ಕಾಣದ ಕೊಳೆಯನ್ನು ನಂಬುವುದು ಓದಿದವರಿಗೂ ಸುಲಭವಾಗಿರಲಿಲ್ಲ. ಯುರೋಪಿನ ವಿಯೆನ್ನಾ ನಗರದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ಯುವ ವೈದ್ಯನಿದ್ದನು. ಅಲ್ಲಿ ಎರಡು ವಿಭಾಗಗಳು. ಸೂಲಗಿತ್ತಿಯರು ಹೆರಿಗೆ ಮಾಡಿಸುವ ವಿಭಾಗಕ್ಕಿಂತ, ವೈದ್ಯರು ಹೆರಿಗೆ ಮಾಡಿಸುವ ವಿಭಾಗದಲ್ಲಿ ಬಾಣಂತಿ ಜ್ವರದಿಂದ ಸಾಯುವವರ ಸಂಖ್ಯೆ ಬಹಳ ಹೆಚ್ಚಾಗಿತ್ತು. ವೈದ್ಯರು ಹೆಣಗಳನ್ನು ಸೀಳಿ ಪರೀಕ್ಷಿಸಿದ ಕೈಗಳಿಂದಲೇ ಗರ್ಭಿಣಿಯರನ್ನು ಪರೀಕ್ಷಿಸುತ್ತಿದ್ದರು. ರೋಗವು ಕೈಗಳಲ್ಲಿ ಬರುತ್ತಿದೆ ಎಂದು ಆತನು ಊಹಿಸಿದನು. 1847ರ ಮೇ ತಿಂಗಳಿನಲ್ಲಿ, ಎಲ್ಲ ವೈದ್ಯರೂ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಒಳಬರಬೇಕೆಂದು ವಿಧಿಸಿದನು. ಆ ವರ್ಷದ ಏಪ್ರಿಲಿನಲ್ಲಿ ನೂರು ಬಾಣಂತಿಯರಲ್ಲಿ ಸುಮಾರು 18 ಮಂದಿ ಸಾಯುತ್ತಿದ್ದರು. ಜೂನ್ ತಿಂಗಳಿನಲ್ಲಿ ಆ ಸಂಖ್ಯೆ ನೂರಕ್ಕೆ ಸುಮಾರು 2ಕ್ಕೆ ಇಳಿಯಿತು.

ಆದರೂ ಅಂದಿನ ಅನೇಕ ವೈದ್ಯರು ಆತನ ಮಾತನ್ನು ಒಪ್ಪಲಿಲ್ಲ. “ನಮ್ಮ ಕೈಯಿಂದಲೇ ಸಾವು ಬರುತ್ತದೆಯೇ?” ಎಂಬುದು ಅವರ ಅಭಿಮಾನದ ಪ್ರಶ್ನೆಯಾಯಿತು. ಸೆಮ್ಮೆಲ್‌ವೈಸನು 1865ರಲ್ಲಿ ತೀರಿಕೊಂಡನು. ಲೋಕವು ಆತನ ಮಾತನ್ನು ಒಪ್ಪಿದ್ದು ಆ ಬಳಿಕ. ನಮ್ಮ ಕಲ್ಪಿತ ಮನೆಯ ಅಜ್ಜಿಯೂ ಕೂಸಿನ ಮೇಲಣ ಮಮತೆಯಿಂದಲೇ ಉಣಿಸಿದವಳು. ಅವಳನ್ನು ದೂರಬಾರದು. ಪ್ರೀತಿಯ ಕೈಯಲ್ಲಿಯೂ ರೋಗ ಇರಬಹುದು ಎಂಬುದನ್ನು ಮೃದುವಾಗಿ ತಿಳಿಸಬೇಕು.

4. ನೀರು ಮಾತ್ರ ಸಾಲದೇಕೆ?

ಎಣ್ಣೆ ಹತ್ತಿದ ಬಟ್ಟಲನ್ನು ಬರಿಯ ನೀರಿನಲ್ಲಿ ತೊಳೆದರೆ ಜಿಡ್ಡು ಹೋಗದು ಎಂಬುದು ಪ್ರತಿಯೊಬ್ಬ ಗೃಹಿಣಿಗೂ ತಿಳಿದಿದೆ. ನಮ್ಮ ಅಂಗೈಯ ಚರ್ಮದಲ್ಲಿಯೂ ಸಹಜವಾದ ಜಿಡ್ಡು ಇರುತ್ತದೆ. ಸೂಕ್ಷ್ಮಜೀವಿಗಳು ಆ ಜಿಡ್ಡಿಗೆ, ಬೆರಳ ಸಂದಿಗಳಿಗೆ, ಉಗುರುಗಳ ಅಡಿಗೆ ಅಂಟಿಕೊಂಡಿರುತ್ತವೆ. ಸಾಬೂನು ಜಿಡ್ಡನ್ನು ಬಿಡಿಸುತ್ತದೆ. ತಿಕ್ಕುವುದರಿಂದ ಸೂಕ್ಷ್ಮಜೀವಿಗಳು ಸಡಿಲವಾಗುತ್ತವೆ. ಹರಿಯುವ ನೀರು ಅವುಗಳನ್ನು ಒಯ್ಯುತ್ತದೆ. ಈ ಮೂರೂ ಕೂಡಿದಾಗ ಮಾತ್ರ ಕೈ ಶುದ್ಧವಾಯಿತೆಂದು ತಿಳಿಯಬೇಕು.

ಇದನ್ನು ಪರೀಕ್ಷಿಸಿಯೂ ನೋಡಲಾಗಿದೆ. ಲಂಡನ್ನಿನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಕೆಲವರಿಗೆ ಸಾರ್ವಜನಿಕ ಸ್ಥಳಗಳ ಬಾಗಿಲ ಹಿಡಿಗಳನ್ನೂ ಕಟಕಟೆಗಳನ್ನೂ ಮುಟ್ಟಿ ಬರುವಂತೆ ಹೇಳಿದರು. ಕೈ ತೊಳೆಯದಿದ್ದಾಗ ನೂರು ಪರೀಕ್ಷೆಗಳಲ್ಲಿ 44ರಲ್ಲಿ ಮಲಮೂಲದ ಸೂಕ್ಷ್ಮಜೀವಿಗಳು ಕಂಡುಬಂದವು. ಬರಿಯ ನೀರಿನಲ್ಲಿ ತೊಳೆದಾಗ 23ರಲ್ಲಿ, ಸಾಧಾರಣ ಸಾಬೂನಿನಿಂದ ತೊಳೆದಾಗ 8ರಲ್ಲಿ ಮಾತ್ರ ಅವು ಉಳಿದಿದ್ದವು.

ನಮ್ಮ ದೇಶದಲ್ಲಿ ರೂಢಿ ಹೇಗಿದೆ? 2018ರ ಜುಲೈಯಿಂದ ಡಿಸೆಂಬರಿನವರೆಗೆ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ, ಗ್ರಾಮೀಣ ಮನೆಗಳಲ್ಲಿ ಶೌಚದ ನಂತರ ಸಾಬೂನು ಬಳಸುವವು ನೂರಕ್ಕೆ ಸುಮಾರು 67. ಊಟಕ್ಕೆ ಮುನ್ನ ಸಾಬೂನು ಬಳಸುವವು ನೂರಕ್ಕೆ ಸುಮಾರು 25 ಮಾತ್ರ. ಉಣ್ಣುವ ಮುನ್ನ ಬರಿಯ ನೀರಿನಲ್ಲಿ ಕೈಯಾಡಿಸುವುದೇ ನಮ್ಮಲ್ಲಿ ಹೆಚ್ಚಿನವರ ರೂಢಿ. ರೊಟ್ಟಿಯನ್ನು ಕೈಯಿಂದ ಮುರಿದು, ಪುಂಡಿಪಲ್ಯವನ್ನು ಕೈಯಿಂದ ಹಚ್ಚಿಕೊಂಡು ಉಣ್ಣುವ ನಮಗೆ ಇದು ಸಣ್ಣ ವಿಷಯವಲ್ಲ.

ಬೆಲೆಯುಳ್ಳ ಸುಗಂಧದ ಸಾಬೂನೇ ಆಗಬೇಕೆಂದಿಲ್ಲ. ಬಟ್ಟೆ ಒಗೆಯುವ ಸಾಬೂನಿನ ತುಂಡೂ ಕೆಲಸಕ್ಕೆ ಬರುತ್ತದೆ. ಮಣ್ಣಿನಿಂದ ಮಾತ್ರ ಕೈ ತಿಕ್ಕಬಾರದು. ಮಣ್ಣಿನಲ್ಲಿ ಜಂತುಹುಳುವಿನ ತತ್ತಿಗಳೂ ಇತರ ರೋಗಾಣುಗಳೂ ಇರಬಹುದು. ಸಾಬೂನು ಎಲ್ಲಿಯೂ ಸಿಗದ ಸಂದರ್ಭದಲ್ಲಿ ಒಲೆಯ ಶುದ್ಧವಾದ ಬೂದಿಯನ್ನು ಬಳಸಬಹುದು. ಆದರೆ ಅದು ಸಾಬೂನಿಗೆ ಸಮವೆಂದು ಭಾವಿಸಬಾರದು.

5. ಯಾವ ಯಾವ ಹೊತ್ತಿನಲ್ಲಿ ತೊಳೆಯಬೇಕು?

ಈ ಐದು ಸಮಯಗಳನ್ನು ಎಂದಿಗೂ ತಪ್ಪಿಸಬಾರದು:

(ಅ) ಶೌಚಕ್ಕೆ ಹೋಗಿ ಬಂದ ನಂತರ.
(ಆ) ಕೂಸಿನ ಮಲವನ್ನು ತೊಳೆದ ನಂತರ.
(ಇ) ಅಡಿಗೆಗೆ ಕೈ ಹಚ್ಚುವ ಮುನ್ನ.
(ಈ) ಊಟ, ಉಪಾಹಾರಗಳಿಗೆ ಮುನ್ನ.
(ಉ) ಕೂಸಿಗೆ ಉಣಿಸುವ ಮುನ್ನ, ಎದೆಹಾಲು ಕೊಡುವ ಮುನ್ನ.

ಇವಲ್ಲದೆ ಸೆಗಣಿ ಮುಟ್ಟಿದ ಬಳಿಕ, ದನಕರುಗಳ ಮೈ ತೊಳೆದ ಬಳಿಕ, ಕೆಮ್ಮಿದಾಗ, ಸೀನಿದಾಗ ಕೈ ಅಡ್ಡ ಹಿಡಿದ ಬಳಿಕ, ರೋಗಿಯ ಆರೈಕೆಯ ಮುನ್ನ ಮತ್ತು ನಂತರ ಕೈ ತೊಳೆಯಬೇಕು.

ನಮ್ಮ ಸೀಮೆಯಲ್ಲಿ ಎಳ್ಳ ಅಮಾವಾಸ್ಯೆಯ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಬಂಧುಬಳಗವೆಲ್ಲ ಒಂದೆಡೆ ಕುಳಿತು ಉಣ್ಣುವ ಸಂತೋಷ ಉಂಟು. ಭಜ್ಜಿ, ಕಡುಬುಗಳೊಡನೆ ಒಂದು ಕೊಡ ನೀರು, ಒಂದು ಸಾಬೂನು ಆ ಬುತ್ತಿಯಲ್ಲಿ ಸೇರಲಿ. ಜಾತ್ರೆ, ಮದುವೆಗಳಲ್ಲಿಯೂ ಇದೇ ನಿಯಮ.

6. ತೊಳೆಯುವ ಕ್ರಮ

ಮೊದಲು ಎರಡೂ ಕೈಗಳನ್ನು ನೀರಿನಿಂದ ನೆನೆಸಿರಿ. ಸಾಬೂನು ಹಚ್ಚಿ ನೊರೆ ಬರಿಸಿರಿ. ಅಂಗೈಗೆ ಅಂಗೈ ತಿಕ್ಕಿರಿ. ಬಳಿಕ ಒಂದೊಂದೇ ಕೈಯ ಹಿಂಭಾಗ, ಬೆರಳ ಸಂದಿಗಳು, ಹೆಬ್ಬೆರಳಿನ ಸುತ್ತ, ಬೆರಳ ತುದಿಗಳು, ಮಣಿಕಟ್ಟು. ಉಗುರುಗಳನ್ನು ಇನ್ನೊಂದು ಅಂಗೈಯ ನೊರೆಯಲ್ಲಿ ಕೆರೆದಂತೆ ತಿಕ್ಕಿರಿ. ತಿಕ್ಕುವ ಕೆಲಸ ಕನಿಷ್ಠ 20 ಸೆಕೆಂಡು ನಡೆಯಬೇಕು. ಗಡಿಯಾರ ಬೇಕಿಲ್ಲ, ನಿಧಾನವಾಗಿ ಒಂದರಿಂದ ಇಪ್ಪತ್ತರವರೆಗೆ ಎಣಿಸಿದರೆ ಸಾಕು. ಶಾಲೆಗೆ ಹೋಗುವ ಮಗುವಿಗೆ ಎಣಿಸುವ ಕೆಲಸ ಕೊಟ್ಟರೆ ಅದಕ್ಕೂ ಹಿಗ್ಗು.

ಕೊನೆಗೆ ಸುರಿಯುವ ನೀರಿನಿಂದ ತೊಳೆಯಿರಿ. ಪಾತ್ರೆಯ ನೀರಿನಲ್ಲಿ ಕೈ ಅದ್ದಿ ತೊಳೆಯಬಾರದು. ಒಬ್ಬರ ಕೊಳೆ ಅದೇ ನೀರಿನಿಂದ ಮತ್ತೊಬ್ಬರಿಗೆ ಹತ್ತುತ್ತದೆ. ತೊಳೆದ ಕೈಯನ್ನು ಸೆರಗಿಗೆ, ಧೋತರಕ್ಕೆ, ಹೆಗಲ ವಸ್ತ್ರಕ್ಕೆ ಒರೆಸಿದರೆ ಮಾಡಿದ ಕೆಲಸ ವ್ಯರ್ಥವಾಗುತ್ತದೆ. ಒಗೆದ ಶುಭ್ರ ಬಟ್ಟೆಯಿಂದ ಒರೆಸಿರಿ, ಇಲ್ಲವೆ ಗಾಳಿಗೆ ಆರಬಿಡಿರಿ. ವಾರಕ್ಕೊಮ್ಮೆ ಉಗುರು ಕತ್ತರಿಸಿರಿ. ಉಂಗುರ, ಬಳೆಗಳಿದ್ದಲ್ಲಿ ಸ್ವಲ್ಪ ಸರಿಸಿ ಕೆಳಗಿನ ಚರ್ಮವನ್ನೂ ತಿಕ್ಕಿರಿ.

7. ಸಾಬೂನು ಮತ್ತು ನೀರು ಒಂದೇ ಕಡೆ ಇರಲಿ

ಆಶಾ ಕಾರ್ಯಕರ್ತೆಯ ಪ್ರಶ್ನೆಗೆ ಈಗ ಮರಳೋಣ. ಮಲ ತೊಳೆದ ಕೈ ಹಿಡಿದುಕೊಂಡು ಸಾಬೂನು ಹುಡುಕುತ್ತ ಮನೆಯೆಲ್ಲ ತಿರುಗುವವರು ಯಾರೂ ಇಲ್ಲ. ಸಾಬೂನು ಕಣ್ಣೆದುರಿಗಿದ್ದರೆ ಕೈ ತಾನಾಗಿ ಅದರ ಕಡೆಗೆ ಹೋಗುತ್ತದೆ; ಕಾಣದಿದ್ದರೆ ಮನಸ್ಸು ನಾಳೆಗೆಂದು ಮುಂದೂಡುತ್ತದೆ. ಆದುದರಿಂದ ಪ್ರತಿ ಮನೆಯಲ್ಲಿ ಎರಡು ಸ್ಥಳಗಳು ಸಿದ್ಧವಾಗಿರಬೇಕು: ಶೌಚಾಲಯದ ಹತ್ತಿರ ಒಂದು, ಅಡಿಗೆ ಮತ್ತು ಊಟದ ಸ್ಥಳದ ಹತ್ತಿರ ಇನ್ನೊಂದು. ಎರಡು ಕಡೆಗೂ ಬೇರೆ ಬೇರೆ ಸಾಬೂನು. ಮಗುವಿನ ಕೈಗೆ ಎಟುಕುವ ಎತ್ತರ.

ನಳವಿಲ್ಲದ ಮನೆಗೆ ಒಂದು ಸುಲಭ ಉಪಾಯವಿದೆ. ಐದು ಲೀಟರಿನ ಅಡಿಗೆ ಎಣ್ಣೆಯ ಖಾಲಿ ಡಬ್ಬಿಯನ್ನು ಚೆನ್ನಾಗಿ ತೊಳೆಯಿರಿ. ಮೇಲ್ಭಾಗದಲ್ಲಿ, ಬಾಯಿಯ ಸ್ವಲ್ಪ ಕೆಳಗೆ, ಕಾಯಿಸಿದ ಮೊಳೆಯಿಂದ ಚಿಕ್ಕ ತೂತು ಮಾಡಿರಿ. ಎರಡು ಕವಲುಗೂಟಗಳ ನಡುವಿನ ಅಡ್ಡಕೋಲಿಗೆ ಡಬ್ಬಿಯನ್ನು ಹಿಡಿಯಿಂದ ತೂಗುಹಾಕಿ, ಬಾಯಿಗೆ ಹಗ್ಗ ಕಟ್ಟಿ, ಹಗ್ಗದ ತುದಿಯನ್ನು ನೆಲದ ಮೇಲಿನ ಒಂದು ಕೋಲಿಗೆ ಬಿಗಿಯಿರಿ. ಕೋಲನ್ನು ಕಾಲಿನಿಂದ ಒತ್ತಿದರೆ ಡಬ್ಬಿ ಬಾಗಿ ಸಣ್ಣ ಧಾರೆಯಾಗಿ ನೀರು ಬೀಳುತ್ತದೆ. ಕೊಳೆ ಕೈ ಡಬ್ಬಿಯನ್ನು ಮುಟ್ಟುವ ಪ್ರಸಂಗವೇ ಇಲ್ಲ. ಪಕ್ಕದಲ್ಲಿ ದಾರಕ್ಕೆ ಸಾಬೂನು ಕಟ್ಟಿ ತೂಗಬಿಡಿರಿ. ಕೆಳಗೆ ಒಂದು ಶಹಾಬಾದ್ ಕಲ್ಲು ಹಾಸಿದರೆ ಕೆಸರಾಗದು. ಹರಿದ ನೀರು ಒಂದು ಬಾಳೆಯ ಬುಡಕ್ಕೆ ಹೋಗಲಿ.

ಇಲ್ಲಿ ಒಂದು ಕಟ್ಟುನಿಟ್ಟಾದ ಎಚ್ಚರಿಕೆ. ಕೀಟನಾಶಕದ ಖಾಲಿ ಡಬ್ಬಿಯನ್ನು, ಎಷ್ಟು ಸಾರಿ ತೊಳೆದಿದ್ದರೂ, ಈ ಕೆಲಸಕ್ಕೆ ಅಥವಾ ಯಾವ ಮನೆಕೆಲಸಕ್ಕೂ ಬಳಸಕೂಡದು.

ಬೇಸಿಗೆಯಲ್ಲಿ ನೀರಿನ ಅಭಾವ ನಮಗೆ ಹೊಸದಲ್ಲ. ಆದರೆ ಸಣ್ಣ ಧಾರೆಯಲ್ಲಿ ಕೈ ತೊಳೆಯಲು ಅರ್ಧ ಚರಿಗೆ ನೀರು ಸಾಕು. ತಿಕ್ಕುವಾಗ ನೀರನ್ನು ನಿಲ್ಲಿಸಬಹುದು. ಸಾಬೂನು ಬೇಗ ಸವೆಯುವುದೆಂಬ ಚಿಂತೆ ಇದ್ದರೆ, ಒಂದೂವರೆ ಲೀಟರ್ ನೀರಿನಲ್ಲಿ ಸುಮಾರು 30 ಗ್ರಾಂ ಬಟ್ಟೆಸೋಪಿನ ಪುಡಿ ಕಲಸಿ ಬಾಟಲಿಯಲ್ಲಿಟ್ಟು, ಮುಚ್ಚಳದ ತೂತಿನಿಂದ ತುಸುತುಸುವೇ ಬಳಸಿರಿ. ಚಿಕ್ಕ ಮಕ್ಕಳು ಅದನ್ನು ಕುಡಿಯದಂತೆ ನೋಡಿಕೊಳ್ಳಬೇಕು.

8. ಹೊಲ, ಗಣಿ, ಕಾರ್ಖಾನೆಗಳ ದುಡಿಮೆಗಾರರಿಗೆ

ತೊಗರಿ ಹೂವು, ಕಾಯಿ ಕಟ್ಟುವ ಕಾಲದಲ್ಲಿ ಕಾಯಿಕೊರಕದ ಹುಳುವಿಗೆ ಔಷಧ ಸಿಂಪಡಿಸುತ್ತೀರಿ. ಆ ಔಷಧವು ಹುಳುವಿಗೆ ಮಾತ್ರವಲ್ಲ, ಮನುಷ್ಯನಿಗೂ ವಿಷ. ಸಿಂಪಡಿಸಿದ ಕೈಯಿಂದ ಬುತ್ತಿ ಬಿಚ್ಚುವುದು, ಎಲೆಯಡಿಕೆ ಹಾಕಿಕೊಳ್ಳುವುದು, ಬೀಡಿ ಸೇದುವುದು ಪ್ರಾಣಾಪಾಯಕ್ಕೆ ದಾರಿ. ಔಷಧ ಕಲಸುವಾಗ ಕೈಗವಸು ಧರಿಸಿರಿ. ಕೆಲಸ ಮುಗಿದ ಕೂಡಲೇ ಸಾಬೂನಿನಿಂದ ಕೈ, ಮುಖ ತೊಳೆದು, ಮನೆಗೆ ಬಂದು ಸ್ನಾನ ಮಾಡಿ, ಬಟ್ಟೆ ಬದಲಿಸಿದ ನಂತರವೇ ಕೂಸನ್ನು ಎತ್ತಿಕೊಳ್ಳಿರಿ. ಆ ಬಟ್ಟೆಗಳನ್ನು ಮನೆಯ ಇತರ ಬಟ್ಟೆಗಳೊಡನೆ ಒಗೆಯಬಾರದು.

ಸಿಮೆಂಟು ನೀರು ತಾಗಿದಾಗ ಚರ್ಮವನ್ನು ಸುಡುವ ಕ್ಷಾರ ಗುಣವುಳ್ಳದ್ದು. ಸಿಮೆಂಟು ಕೆಲಸದವರು ಕೈಯನ್ನು ಧಾರಾಳ ನೀರಿನಿಂದ ತೊಳೆದು ಊಟಕ್ಕೆ ಕುಳಿತುಕೊಳ್ಳಬೇಕು. ಕಲ್ಲುಗಣಿಯಲ್ಲಿ ದುಡಿಯುವವರ ಕೈಗಳಲ್ಲಿ ಗಾಯ, ಬಿರುಕುಗಳು ಸಾಮಾನ್ಯ. ಅವುಗಳನ್ನು ಸಾಬೂನು ನೀರಿನಿಂದ ತೊಳೆದು ಶುಭ್ರ ಬಟ್ಟೆ ಕಟ್ಟಬೇಕು. ಗಾಯ ಆಳವಾಗಿದ್ದರೆ ಧನುರ್ವಾಯುವಿನ ಚುಚ್ಚುಮದ್ದಿಗಾಗಿ ಆರೋಗ್ಯ ಕೇಂದ್ರಕ್ಕೆ ಹೋಗಬೇಕು.

9. ಬಾಣಂತಿ ಮತ್ತು ನವಜಾತ ಶಿಶು

ಹುಟ್ಟಿದ ಮೊದಲ ತಿಂಗಳು ಕೂಸಿನ ಜೀವನದಲ್ಲಿ ಅತ್ಯಂತ ನಾಜೂಕಾದ ಕಾಲ. ಬಾಣಂತಿಯನ್ನು ನೋಡಲು ಬಂದವರೆಲ್ಲ ಕೂಸನ್ನು ಎತ್ತಿಕೊಳ್ಳಬೇಕೆನ್ನುವುದು ಸಹಜ. ಬಂದವರಿಗೆ ಕಾಲು ತೊಳೆಯಲು ನೀರು ಕೊಡುವುದು ನಮ್ಮ ಸಂಪ್ರದಾಯ. ಅದರ ಜೊತೆಗೆ ಕೈಗೆ ಸಾಬೂನನ್ನೂ ಕೊಡಿರಿ, ಯಾರೂ ಬೇಸರಿಸುವುದಿಲ್ಲ. ಕೂಸಿನ ಹೊಕ್ಕುಳಿಗೆ ಎಣ್ಣೆ, ಬೂದಿ, ಸೆಗಣಿ ಮುಂತಾದ ಏನನ್ನೂ ಹಚ್ಚಬಾರದು. ಅದನ್ನು ಒಣಗಿದಂತೆ ಬಿಡಬೇಕು. ಹೆರಿಗೆಯಲ್ಲಿ ಶುಚಿಯಾದ ಕೈ, ಶುಚಿಯಾದ ಬ್ಲೇಡು ಮತ್ತು ತಾಯಂದಿರಿಗೆ ಕೊಡುವ ಚುಚ್ಚುಮದ್ದು, ಇವುಗಳ ಫಲವಾಗಿ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತವು 2015ರಲ್ಲಿ ನಿರ್ಮೂಲನ ಮಟ್ಟಕ್ಕೆ ತಂದಿತು. ಈ ಗೆಲುವು ಉಳಿಯಬೇಕಾದರೆ ಎಚ್ಚರವೂ ಉಳಿಯಬೇಕು.

10. ಕಲಿತು ಮರೆತ ಪಾಠ

2020ರ ಮಾರ್ಚ್ ತಿಂಗಳನ್ನು ನಮ್ಮ ಜಿಲ್ಲೆಯವರು ಮರೆತಿರಲಾರರು. ಭಾರತದಲ್ಲಿ ಕೋವಿಡ್ ಕಾಯಿಲೆಯ ಮೊದಲ ಮರಣ ವರದಿಯಾದದ್ದು ಕಲಬುರಗಿಯಿಂದಲೇ. ಆಗ ಊರೂರಿನ ಅಂಗಡಿ, ಪಂಚಾಯಿತಿ ಕಚೇರಿ, ಬಸ್ ನಿಲ್ದಾಣಗಳ ಮುಂದೆ ಸಾಬೂನು, ನೀರು ಕಾಣಿಸಿಕೊಂಡವು. ಹಿರಿಯರು ಕಿರಿಯರೆನ್ನದೆ ಎಲ್ಲರೂ ಕೈ ತೊಳೆದರು. ಕೋವಿಡ್ ಮುಖ್ಯವಾಗಿ ಉಸಿರಿನ ಗಾಳಿಯಿಂದ ಹರಡುವ ರೋಗವೆಂಬುದು ಬಳಿಕ ಸ್ಪಷ್ಟವಾಯಿತು; ಆದರೂ ಅಂದು ಕಲಿತ ಅಭ್ಯಾಸ ಬೆಲೆಯುಳ್ಳದ್ದೇ ಆಗಿತ್ತು. ಭಯ ಹೋದಂತೆ ಬಕೆಟ್ಟುಗಳೂ ಮರೆಯಾದವು. ಭಯದಿಂದ ಬಂದ ಅಭ್ಯಾಸ ಭಯದೊಡನೆ ಹೋಗುತ್ತದೆ. ಮನೆಯಲ್ಲಿ ಮಾಡಿಟ್ಟ ವ್ಯವಸ್ಥೆಯಿಂದ ಬಂದ ಅಭ್ಯಾಸ ಮಾತ್ರ ಉಳಿಯುತ್ತದೆ.

11. ಆದರೂ ಭೇದಿಯಾದರೆ

ಸಾಬೂನಿನಿಂದ ಕೈ ತೊಳೆಯುವ ರೂಢಿಯಿಂದ ಭೇದಿಯ ಪ್ರಕರಣಗಳು ನೂರಕ್ಕೆ ಸುಮಾರು 30ರಷ್ಟು ಕಡಿಮೆಯಾಗುತ್ತವೆಂದು ಅನೇಕ ಅಧ್ಯಯನಗಳಿಂದ ತಿಳಿದುಬಂದಿದೆ. ಉಳಿದ ರಕ್ಷಣೆ ಶುದ್ಧ ನೀರು, ಶೌಚಾಲಯದ ಬಳಕೆ, ಆರು ತಿಂಗಳವರೆಗೆ ಕೇವಲ ಎದೆಹಾಲು ಮತ್ತು ಕೂಸಿಗೆ 6, 10, 14ನೆಯ ವಾರಗಳಲ್ಲಿ ಹಾಕಿಸುವ ರೋಟಾ ಲಸಿಕೆ ಇವುಗಳಿಂದ ಬರಬೇಕು.

ಭೇದಿ ಆರಂಭವಾದ ಕೂಡಲೇ, ಕೈ ತೊಳೆದುಕೊಂಡು, ಒಂದು ಲೀಟರ್ ಶುದ್ಧ ನೀರಿಗೆ ಒಂದು ಪೂರ್ಣ ಪೊಟ್ಟಣ ಓಆರ್‌ಎಸ್ ಪುಡಿಯನ್ನು ಕಲಸಿರಿ. ಪ್ರತಿ ಸಾರಿ ಭೇದಿಯಾದಾಗಲೂ ಎರಡು ವರ್ಷದೊಳಗಿನ ಕೂಸಿಗೆ ಕಾಲಿನಿಂದ ಅರ್ಧ ಲೋಟ, ದೊಡ್ಡ ಮಕ್ಕಳಿಗೆ ಅರ್ಧದಿಂದ ಒಂದು ಲೋಟ ಗುಟುಕು ಗುಟುಕಾಗಿ ಕುಡಿಸಿರಿ. ಕಲಸಿದ ದ್ರಾವಣವನ್ನು 24 ಗಂಟೆಗಳ ಬಳಿಕ ಚೆಲ್ಲಬೇಕು. ಎದೆಹಾಲು, ಊಟಗಳನ್ನು ನಿಲ್ಲಿಸಬಾರದು. ಆರೋಗ್ಯ ಸಿಬ್ಬಂದಿ ಕೊಡುವ ಸತುವಿನ ಮಾತ್ರೆಯನ್ನು ಭೇದಿ ನಿಂತರೂ 14 ದಿನ ಪೂರ್ತಿ ಕೊಡಬೇಕು. ಕಣ್ಣು ಗುಳಿಬಿದ್ದರೆ, ಕೂಸು ಮಂಕಾಗಿ ಕುಡಿಯಲಾರದಾದರೆ, ಮಲದಲ್ಲಿ ರಕ್ತ ಕಂಡರೆ, ವಾಂತಿ ನಿಲ್ಲದಿದ್ದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಕೊಂಡೊಯ್ಯಿರಿ. ಅಗತ್ಯವಿದ್ದಲ್ಲಿ 108 ಸಂಖ್ಯೆಗೆ ಕರೆಮಾಡಿ ಆಂಬುಲೆನ್ಸ್ ಕರೆಸಿರಿ.

12. ಇದು ಇಬ್ಬರ ಕೆಲಸ

ಶುಚಿತ್ವವೆಂದರೆ ಹೆಂಗಸರ ಕೆಲಸ ಎಂದು ಬಗೆಯುವ ಗಂಡಸರಿದ್ದಾರೆ. ಆದರೆ ಕೊಡಕ್ಕೆ ಬೆರಳು ಅದ್ದಿದವನು ನಮ್ಮ ಕಲ್ಪಿತ ಮನೆಯ ಯಜಮಾನನೇ ಅಲ್ಲವೆ? ಸಂತೆಯಿಂದ ಸಾಬೂನು ತರುವುದು, ಗೂಟ ನೆಡುವುದು, ಕಲ್ಲು ಹಾಸುವುದು, ಡಬ್ಬಿಗೆ ನೀರು ತುಂಬುವುದು ಇವೆಲ್ಲ ಗಂಡನೂ ಮಾಡಬಲ್ಲ ಕೆಲಸಗಳು. ತಂದೆ ಕೈ ತೊಳೆದು ತಾಟಿನ ಮುಂದೆ ಕುಳಿತರೆ ಮಕ್ಕಳಿಗೆ ಬೇರೆ ಉಪದೇಶ ಬೇಕಾಗದು.

ಆ ಮನೆಯ ಯಜಮಾನನು ಹಾಗೆಯೇ ಮಾಡಿದನೆಂದು ಭಾವಿಸೋಣ. ಒಂದು ಸಂಜೆ ಹೊಲದಿಂದ ಬಂದು ಅವನು ಊಟಕ್ಕೆ ಕುಳಿತನು. “ಅಪ್ಪಾ, ಕೈ ತೊಳೆದೆಯಾ?” ಎಂದಳು ಮಗಳು. “ತೊಳೆದೆನಲ್ಲ, ತಾಯಿ.” “ಇಪ್ಪತ್ತು ಎಣಿಸಿದೆಯಾ?” ಅವನು ನಕ್ಕು ಮತ್ತೆ ಎದ್ದು ಹೋದನು. ಕೂಸಿಗೆ ಉಣಿಸಲು ಕುಳಿತಿದ್ದ ಅಜ್ಜಿಯೂ ಬಟ್ಟಲನ್ನು ಕೆಳಗಿಟ್ಟು ಅವನ ಹಿಂದೆಯೇ ಹೋದಳು.

ಪ್ರಿಯ ದಂಪತಿಗಳೇ, ಈ ಪಾಠವನ್ನು ಓದಿ ಮುಗಿಸಿದ ಮೇಲೆ ಒಮ್ಮೆ ಎದ್ದು ನಿಮ್ಮ ಮನೆಯನ್ನು ಸುತ್ತಿ ಬನ್ನಿರಿ. ಸಾಬೂನು ಎಲ್ಲಿದೆ, ನೀರು ಎಲ್ಲಿದೆ, ಅವೆರಡೂ ಒಂದೇ ಕಡೆ ಇವೆಯೆ ಎಂದು ನೋಡಿರಿ. ಇಲ್ಲದಿದ್ದರೆ ಇಂದು ಸಂಜೆಯ ಊಟಕ್ಕೆ ಮುನ್ನ ಅವನ್ನು ಕೂಡಿಸಿರಿ.

ಮನೆಯಲ್ಲಿ ಕೂಡಿ ಚರ್ಚಿಸಲು ಪ್ರಶ್ನೆಗಳು

1. ನಮ್ಮ ಮನೆಯ ಶೌಚಾಲಯದಿಂದ ಸಾಬೂನಿಗೆ ಎಷ್ಟು ಹೆಜ್ಜೆ?
2. ಮನೆಯ ಅತಿ ಚಿಕ್ಕ ಮಗುವಿನ ಕೈಗೆ ಸಾಬೂನು ಎಟುಕುವುದೆ?
3. ಕೂಸಿಗೆ ಉಣಿಸುವವರು ಯಾರು ಯಾರು? ಅವರೆಲ್ಲರೂ ಕೈ ತೊಳೆದು ಉಣಿಸುವರೆ?
4. ಹೊಲಕ್ಕೆ ಅಥವಾ ಕೆಲಸಕ್ಕೆ ಒಯ್ಯುವ ಬುತ್ತಿಯ ಜೊತೆ ಸಾಬೂನು ಹೋಗುತ್ತಿದೆಯೆ?
5. ಓಆರ್‌ಎಸ್ ಪೊಟ್ಟಣ ಮನೆಯಲ್ಲಿದೆಯೆ? ಇಲ್ಲದಿದ್ದರೆ ಆಶಾ ಕಾರ್ಯಕರ್ತೆಯಿಂದ ಅಥವಾ ಅಂಗನವಾಡಿಯಿಂದ ತರುವವರು ಯಾರು, ಯಾವಾಗ?